ಬಲಿಪೀಠಕ್ಕೆ ದರಪಟ್ಟಿ ಬೇಡ

ಜೆರುಸಲೇಮಿನ ಮಹಾದೇವಾಲಯದಲ್ಲಿ ವ್ಯಾಪಾರಿಗಳ ಮೇಜುಗಳನ್ನು ಉರುಳಿಸಿದ ಯೇಸುಸ್ವಾಮಿ, ಸಂತ ಯೊವಾನ್ನರ ಶುಭಸಂದೇಶದ ಪ್ರಕಾರ, ಖಂಡನೆಯ ಮಾತನ್ನಾಡಿದ್ದು ಪಾರಿವಾಳ ಮಾರುವವರೊಡನೆ. ಕುರಿಮರಿಯನ್ನು ಕೊಳ್ಳಲಾಗದ ಬಡವರಿಗೆಂದು ಮೋಶೆಯ ಧರ್ಮಶಾಸ್ತ್ರವು ನೇಮಿಸಿದ್ದ ಕಾಣಿಕೆ ಅದು. ಬಾಲಯೇಸುವನ್ನು ದೇವಾಲಯಕ್ಕೆ ತಂದಾಗ ಮಾತೆ ಮರಿಯಮ್ಮನವರ ಪಾಲಿಗೆ ಬಂದದ್ದೂ ಈ ಬಡವರ ಕಾಣಿಕೆಯೇ. ಬಡವನ ಕಾಣಿಕೆಯೂ ವ್ಯಾಪಾರದ ಸರಕಾದುದನ್ನು ಸ್ವಾಮಿಯವರು ಸಹಿಸಲಿಲ್ಲ.

ಇಂದು ನಮ್ಮ ಧರ್ಮಸಭೆಯ ಅಂಗಳದಲ್ಲಿ ಅಂತಹ ಮೇಜುಗಳು ಇಲ್ಲವೇ? ಬಲಿಪೂಜೆಗೆ ಇಷ್ಟು, ಮದುವೆಗೆ ಇಷ್ಟು, ಮೃತರ ಪೂಜೆಗೆ ಇಷ್ಟು ಎಂಬ ದರಪಟ್ಟಿ. ಹಬ್ಬಕ್ಕೆ ಹೆಚ್ಚು ಕೊಟ್ಟವರಿಗೆ ಮುಂದಿನ ಸಾಲು. ರೋಗ ಗುಣವಾಗುವುದೆಂಬ ಭಿತ್ತಿಪತ್ರ, ಅದರ ಕೆಳಗೆ ಹಣ ಕಳುಹಿಸಲು ಮೊಬೈಲ್ ಸಂಖ್ಯೆ. ಬ್ರೂಸ್‌ಪೇಟೆಯವರಾದ ನಮಗೆ ಪೇಟೆಯ ನಿಯಮ ಗೊತ್ತು: ಹಣ ಕೊಟ್ಟವನಿಗೆ ಸರಕು, ಕೊಡದವನಿಗೆ ಇಲ್ಲ. ಅಂಗಡಿಗೆ ಇದು ನ್ಯಾಯ, ಬಲಿಪೀಠಕ್ಕೆ ಅನ್ಯಾಯ.

ಇದಕ್ಕೆ ಸಂತ ತೋಮಸ್ ಅಕ್ವಿನಾಸರು ಮೂರು ಕಾರಣಗಳನ್ನು ಕೊಡುತ್ತಾರೆ. ಆಧ್ಯಾತ್ಮಿಕ ವರಕ್ಕೆ ಸಮನಾದ ಬೆಲೆ ಲೋಕದಲ್ಲಿಲ್ಲ. ಗುರುವು ಅದರ ಒಡೆಯನಲ್ಲ, ಉಗ್ರಾಣಿ ಮಾತ್ರ. ಉಚಿತವಾಗಿ ಬಂದುದನ್ನು ಮಾರುವುದು ಅದರ ಮೂಲಕ್ಕೇ ವಿರುದ್ಧ. ಹಾಗೆಂದು ಕಾಣಿಕೆಯೇ ತಪ್ಪಲ್ಲ. ಗುರುವಿನ ಜೀವನೋಪಾಯಕ್ಕೂ ದೇವಾಲಯದ ದೀಪಕ್ಕೂ ಭಕ್ತರು ನೆರವಾಗುವುದು ಕರ್ತವ್ಯವೇ. ಆದರೆ ಕಾಣಿಕೆ ಪ್ರೀತಿಯ ಪಾಲು. ಬೆಲೆ ಬೇಡಿಕೆಯ ಸಾಲ.

ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಸಂದಿಗ್ಧವಾಗಿಲ್ಲ. 1983ರ ಸಂಹಿತೆಯ 947ನೆಯ ವಿಧಿಯು ಪೂಜೆಯ ಕಾಣಿಕೆಯಲ್ಲಿ ವ್ಯಾಪಾರದ ಛಾಯೆಯೂ ಇರಕೂಡದೆನ್ನುತ್ತದೆ. ಬಡತನದ ಕಾರಣ ಯಾರೂ ಸಂಸ್ಕಾರಗಳಿಂದ ವಂಚಿತರಾಗಬಾರದೆಂಬುದು 848ನೆಯ ವಿಧಿ. ದಿನಕ್ಕೆ ಎಷ್ಟು ಪೂಜೆ ಅರ್ಪಿಸಿದರೂ, ಕ್ರಿಸ್ಮಸ್ ಹೊರತು, ಗುರುವು ಒಂದರ ಕಾಣಿಕೆಯನ್ನು ಮಾತ್ರ ತನಗಾಗಿ ಇಟ್ಟುಕೊಳ್ಳಬಹುದು. ಪೂಜೆಗೆ ಬೆಲೆಯಿಲ್ಲ, ವಿಮೋಚನೆ ಉಚಿತ ಎಂದು ದಿವಂಗತ ಜಗದ್ಗುರು ಫ್ರಾನ್ಸಿಸರು 2018ರ ಮಾರ್ಚ್ 7ರಂದು ಬೋಧಿಸಿದರು.

ನಿಯಮವಿದ್ದೂ ಪಾಲನೆಯಿಲ್ಲದಿದ್ದರೆ ನಷ್ಟ ಯಾರಿಗೆ? ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ತಾಯಿ, ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ದುಡಿಯುವ ಕೂಲಿಯಾಳು, ತೀರಿಕೊಂಡವರಿಗೊಂದು ಪೂಜೆ ಬಯಸಿ ಬಂದು, ದರಪಟ್ಟಿ ನೋಡಿ ಹಿಂದಿರುಗಿದರೆ ನಮಗೆ ತಿಳಿಯುವುದೇ ಇಲ್ಲ. ಬಡವರು ದೂರು ಕೊಡುವುದಿಲ್ಲ. ಮೆಲ್ಲನೆ ಬರುವುದನ್ನು ನಿಲ್ಲಿಸುತ್ತಾರೆ.

ಸುಧಾರಣೆ ಧರ್ಮಸಭೆಗೆ ಹೊಸದಲ್ಲ. 16ನೆಯ ಶತಮಾನದಲ್ಲಿ ದಂಡವಿಮೋಚನೆಯ ಹೆಸರಿನಲ್ಲಿ ನಡೆದ ಹಣ ಸಂಗ್ರಹ ಧರ್ಮಸಭೆ ಒಡೆಯಲು ಒಂದು ಕಾರಣವಾಯಿತು. ಅಂತಹ ಹಣ ಎತ್ತುವವರ ಹುದ್ದೆಯನ್ನೇ ಟ್ರೆಂಟ್ ಮಹಾಸಭೆ 1562ರಲ್ಲಿ ರದ್ದುಪಡಿಸಿತು. ಒಡಕಿನ ನಂತರ ಎಚ್ಚೆತ್ತ ಆ ಪಾಠ ನಮಗೆ ಸಾಕು.

ಪ್ರತಿ ಧರ್ಮಕೇಂದ್ರವೂ ಮೂರು ಕೆಲಸಗಳನ್ನು ಈಗಲೇ ಮಾಡಬಹುದು. ಮೊದಲನೆಯದು, ಧರ್ಮಾಧ್ಯಕ್ಷರುಗಳು ಗೊತ್ತುಪಡಿಸಿದ ಕಾಣಿಕೆಯನ್ನು ತಿಳಿಸುವಲ್ಲಿಯೇ, ಕೊಡಲಾಗದವರಿಗೂ ಪೂಜೆ ಉಂಟೆಂದು ಬರೆಯಬೇಕು. ಎರಡನೆಯದು, 1287ನೆಯ ವಿಧಿಯಂತೆ ಭಕ್ತರು ಕೊಟ್ಟ ಹಣದ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕು. ವರ್ಷಕ್ಕೊಮ್ಮೆ ಆಯವ್ಯಯವನ್ನು ಪೂಜೆಯ ನಂತರ ಓದಿದರೆ ಸಾಕು. ಮೂರನೆಯದು, ದಾನಿಗಳ ಹೆಸರನ್ನು ಮೊತ್ತದೊಡನೆ ಘೋಷಿಸುವುದನ್ನು ಕೈಬಿಡಬೇಕು.

ಇದು ಗುರುಗಳಿಂದ ಮಾತ್ರ ಆಗುವ ಕೆಲಸವಲ್ಲ. ಹೆಚ್ಚು ಕೊಟ್ಟು ಹೆಚ್ಚು ಗೌರವ ನಿರೀಕ್ಷಿಸುವ ಭಕ್ತರೂ ಈ ಪೇಟೆಯ ಗಿರಾಕಿಗಳೇ. ಕೇಳುವ ಗುರು, ನಿರೀಕ್ಷಿಸುವ ಭಕ್ತ ಇಬ್ಬರೂ ಬದಲಾಗಲಿ. ಮುಂಬರುವ ಪಾಲನಾ ಮಂಡಳಿಯ ಸಭೆಯಲ್ಲಿ ಈ ವಿಷಯವನ್ನು ಎತ್ತಿರಿ. ಬಡ ಕುಟುಂಬದವರೊಬ್ಬರನ್ನೂ ಆ ಸಭೆಗೆ ಕರೆಯಿರಿ.