ಮರಕುಂಬಿ: ಪಂಚಾಯತಿಗೂ ಠಾಣೆಗೂ ನಡುವಿನ ದೂರ

ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಮೇಲೆ ದಾಳಿ ನಡೆಯಿತು. ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲುಗಳಲ್ಲಿ ತಮಗೆ ಪ್ರವೇಶವಿಲ್ಲದ್ದನ್ನು ಅವರು ಪ್ರಶ್ನಿಸಿದ್ದೇ ಈ ದ್ವೇಷದ ಹಿನ್ನೆಲೆ. ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರ್ 24ರಂದು 101 ಮಂದಿಗೆ ಶಿಕ್ಷೆ ವಿಧಿಸಿತು. ಆ ಪೈಕಿ 98 ಮಂದಿಗೆ ಜೀವಾವಧಿ. ಅವರಲ್ಲಿ ಹೆಚ್ಚಿನವರಿಗೆ ಮರು ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಜಾಮೀನು ನೀಡಿತು.

ಪ್ರಕರಣವು ತೀರ್ಪಿಗೆ ಬರಲು ಹತ್ತು ವರ್ಷ ಹಿಡಿಯಿತು. ಆರೋಪಿಗಳಲ್ಲಿ ಕೆಲವರು ಅಷ್ಟರೊಳಗೆ ತೀರಿಕೊಂಡಿದ್ದರು. ದೌರ್ಜನ್ಯ ತಡೆ ಕಾಯ್ದೆಗೆ ಬಂದು 2016ರಲ್ಲಿ ಜಾರಿಯಾದ ತಿದ್ದುಪಡಿಯಾದರೋ, ದೋಷಾರೋಪ ಪಟ್ಟಿ ಸಲ್ಲಿಕೆಯಾದ ಎರಡು ತಿಂಗಳಲ್ಲಿ ಆದಷ್ಟೂ ವಿಚಾರಣೆ ಮುಗಿಯಲಿ ಎನ್ನುತ್ತದೆ!

ಆದರೆ ನಮ್ಮನ್ನು ಕಾಡುವುದು ಬೆಂಕಿ ಬೀಳುವ ಮುನ್ನಿನ ದಿನಗಳು. ಪೊಲೀಸ್ ಇಲಾಖೆ ರಾಜ್ಯ ಸರಕಾರದ್ದು. ಪಂಚಾಯತಿಗಳಿಗೆಂದು ಸಂವಿಧಾನದ ಹನ್ನೊಂದನೆಯ ಅನುಸೂಚಿ ಪಟ್ಟಿ ಮಾಡಿದ 29 ವಿಷಯಗಳಲ್ಲಿ ಪೊಲೀಸ್ ಇಲ್ಲ, ದುರ್ಬಲ ವರ್ಗಗಳ ಕಲ್ಯಾಣವಿದೆ. ಹೋಟೆಲು, ಅಂಗಡಿಗಳಿಗೆ ಪರವಾನಗಿ ಕೊಡುವುದೂ ಗ್ರಾಮ ಪಂಚಾಯತಿಯೇ. ದಲಿತನಿಗೆ ಸೇವೆ ನಿರಾಕರಿಸಿ ಅಪರಾಧಿಯೆಂದು ಸಾಬೀತಾದವನ ಪರವಾನಗಿಯನ್ನು ರದ್ದುಗೊಳಿಸಲು ಆದೇಶಿಸುವ ಅಧಿಕಾರವನ್ನು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ನ್ಯಾಯಾಲಯಕ್ಕೆ ಕೊಟ್ಟಿದೆ. ಅಂದರೆ ಪರವಾನಗಿ ಪಂಚಾಯತಿಯದು, ತನಿಖೆ ಠಾಣೆಯದು, ಆದೇಶ ನ್ಯಾಯಾಲಯದ್ದು. ಈ ಮೂರೂ ಒಂದನ್ನೊಂದು ಮಾತನಾಡಿಸದಿದ್ದರೆ ಕಾನೂನು ಕಾಗದದಲ್ಲಿಯೇ ಉಳಿಯುತ್ತದೆ. ಹಳ್ಳಿಯ ಯಾವ ಅಂಗಡಿಯಲ್ಲಿ ಯಾರನ್ನು ಹೊರಗೆ ನಿಲ್ಲಿಸುತ್ತಾರೆಂಬುದು ವಾರ್ಡ್ ಸದಸ್ಯನಿಗೆ ತಿಳಿಯದ ಸಂಗತಿಯೇನಲ್ಲ. ಅದನ್ನು ಆತ ಬರೆದು ಠಾಣೆಗೆ ಕಳುಹಿಸುತ್ತಾನೆಯೇ? ಕಳುಹಿಸಿದರೆ ಮುಂದಿನ ಚುನಾವಣೆಯಲ್ಲಿ ಮತ ಸಿಗುತ್ತದೆಯೇ?

ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂಬ ನಿಯಮವಿದೆ. ಶಾಸಕರು, ಪೊಲೀಸ್ ವರಿಷ್ಠಾಧಿಕಾರಿ ಅದರಲ್ಲಿರುತ್ತಾರೆ. ಪಂಚಾಯತಿಗಳ ವರದಿ ಈ ಸಮಿತಿಯ ಮುಂದೆ ಬರುವಂತಾಗಬೇಕು. ಇದೇ ಜಿಲ್ಲೆಯ ಮುನಿರಾಬಾದಿನಲ್ಲಿ ಸಶಸ್ತ್ರ ಮೀಸಲು ಪಡೆಯೇ ಇದೆ. ಆದರೆ ಪಡೆ ಹೊರಡುವುದು ಗಲಭೆಯ ಸುದ್ದಿ ಮುಟ್ಟಿದ ಮೇಲೆ.

ನಮ್ಮ ಪಟ್ಟಣಗಳ ಶಾಂತಿ ಸಮಿತಿಗಳ ಕತೆಯೂ ಬೇರೆಯಲ್ಲ. ಹಬ್ಬದ ಮುನ್ನಾದಿನ ಠಾಣೆಯಲ್ಲಿ ಚಹಾ, ಭಾಷಣ, ಮರುದಿನದಿಂದ ಮೌನ. ಜಮಾಅತಿನ ಹಿರಿಯರು ಅಲ್ಲಿ ತಮ್ಮ ಮೊಹಲ್ಲಾದ ಅಹವಾಲನ್ನಷ್ಟೇ ಹೇಳಿ ಎದ್ದು ಬರುತ್ತಾರೆ. ಪಕ್ಕದ ಕೇರಿಯವನಿಗೆ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದರೆ ಅದನ್ನೂ ಅಲ್ಲಿಯೇ ಎತ್ತಿ ಹೇಳಲು ಇವರನ್ನು ತಡೆಯುವವರು ಯಾರು?