ಏಳುವ ಗೋಡೆಗೆ ಬೆಳಕಿನ ಅಳತೆ

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಪ್ರಾಣ ಕಳೆದುಕೊಂಡರು. ಕಟ್ಟಡವೊಂದು ನಕ್ಷೆಯ ಪ್ರಕಾರವೇ ಏಳುತ್ತಿದೆಯೇ ಎಂದು ಹಂತ ಹಂತವಾಗಿ ನೋಡುವ ಉಪಾಯವಿಲ್ಲವೇ? ಇದೆ.

ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ತಿರುಗುವ ಲೇಸರ್ ಸ್ಕ್ಯಾನರ್ ಸೆಕೆಂಡಿಗೆ ಲಕ್ಷಗಟ್ಟಲೆ ಬಿಂದುಗಳನ್ನು ಅಳೆಯುತ್ತದೆ. ಕಂಬ, ತೊಲೆ, ಗೋಡೆಗಳಿಗೆ ತಾಗಿ ಮರಳುವ ಬೆಳಕಿನಿಂದ ಅವುಗಳ ದೂರವನ್ನು ಲೆಕ್ಕ ಹಾಕುತ್ತದೆ. ಈ ಬಿಂದುಗಳೆಲ್ಲ ಸೇರಿ ಕಂಪ್ಯೂಟರಿನಲ್ಲಿ ಕಟ್ಟಡದ ಪ್ರತಿರೂಪ ಮೂಡುತ್ತದೆ. ಅದನ್ನು ಎಂಜಿನಿಯರ್ ಮೊದಲೇ ರಚಿಸಿದ ಮೂರು ಆಯಾಮದ ಮಾದರಿಯೊಂದಿಗೆ ಹೋಲಿಸಿದರೆ ಎಷ್ಟು ಕೆಲಸ ಮುಗಿದಿದೆ, ಯಾವ ಕಂಬ ವಾಲಿದೆ, ಯಾವ ತೊಲೆ ಬಾಗಿದೆ ಎಂಬುದು ಬಣ್ಣಗಳಲ್ಲಿ ಎದ್ದು ಕಾಣುತ್ತದೆ. ಕೆಲವೇ ಮಿಲಿಮೀಟರಿನ ವ್ಯತ್ಯಾಸವೂ ತಿಳಿಯುತ್ತದೆ.

ಆದರೆ ಲೇಸರಿಗೆ ಕಾಣುವುದು ಹೊರಮೈ ಮಾತ್ರ. ಒಳಗಿನ ಕಬ್ಬಿಣದ ಸರಳುಗಳನ್ನು ನೋಡಬೇಕಾದರೆ ಕಾಂಕ್ರೀಟ್ ಸುರಿಯುವ ಮೊದಲೇ ಸ್ಕ್ಯಾನ್ ಮಾಡಬೇಕು. ಕಾಂಕ್ರೀಟಿನ ಬಲ ತಿಳಿಯಲು, 28 ದಿನ ನೀರಿನಲ್ಲಿಟ್ಟ ಕ್ಯೂಬನ್ನು ಯಂತ್ರದಲ್ಲಿ ಒತ್ತಿ ಒಡೆಯುವ ಹಳೆಯ ಪರೀಕ್ಷೆಯೇ ಬೇಕು.

ಸಿವಿಲ್ ಎಂಜಿನಿಯರಿಂಗ್ ಓದಲು ಹೊರಟ ಮಕ್ಕಳೂ ಅವರ ಪಾಲಕರೂ ನೆನಪಿಡಬೇಕಾದ ಮಾತು ಒಂದಿದೆ. ಯಂತ್ರ ತಪ್ಪನ್ನು ತೋರಿಸೀತು. ಅದನ್ನು ನೋಡಿ ‘ಕೆಲಸ ನಿಲ್ಲಿಸಿ’ ಎನ್ನುವ ಧೈರ್ಯ ಎಂಜಿನಿಯರಿಗೆ ಇರಬೇಕು.