‘ಸೂಪರ್ ಆಗಿದೆ’ ಅನ್ನೋದು ಅಭಿಪ್ರಾಯ ಅಲ್ಲ ಸ್ವಾಮಿ!

ಬಹಳ ದಿನದಿಂದ ಮನಸ್ಸಲ್ಲೇ ಇಟ್ಕೊಂಡಿದ್ದೆ. ಇವತ್ತು ಬರೆದೇ ಬಿಡ್ತೀನಿ. ಯಾರಿಗಾದ್ರೂ ಬೇಜಾರಾದ್ರೆ ಆಗ್ಲಿ.

ವಿಷಯ ಇಷ್ಟೇ. ನಾನು ಆಫೀಸು ಮುಗಿಸಿ ಬಂದು ರಾತ್ರಿ ಹೊತ್ತು ಸ್ಟ್ರಿಂಗ್ ಕ್ವಾರ್ಟೆಟ್ ಬರೀತೀನಿ. ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೋ, ಇಷ್ಟೇ ವಾದ್ಯಕ್ಕೆ ಪಾಶ್ಚಾತ್ಯ ಪದ್ಧತಿಯ ರಚನೆ. ಇಂಥ ಹುಚ್ಚು ಯಾಕೆ ಹಿಡೀತು ಅಂತ ಕೇಳ್ಬೇಡಿ, ಅದು ಬೇರೆ ಕಥೆ. ನುಡಿಸೋಕೆ ನಾಲ್ಕು ಜನ ನನ್ನ ಹತ್ರ ಇಲ್ಲ. ಇರೋದು ಒಂದು ಲ್ಯಾಪ್‌ಟಾಪು, ಒಂದು ಪುಟ್ಟ ಕೀಬೋರ್ಡು, ಮತ್ತೆ ಮ್ಯೂಸ್‌ಸ್ಕೋರ್ ಅನ್ನೋ ಪುಕ್ಕಟೆ ತಂತ್ರಾಂಶ. 2022ರ ಡಿಸೆಂಬರಿನಲ್ಲಿ ಅದರ ನಾಲ್ಕನೇ ಆವೃತ್ತಿ ಬಂದಾಗ ಜತೆಗೆ ಹೊಸ ವಾದ್ಯಧ್ವನಿಗಳೂ ಪುಕ್ಕಟೆ ಸಿಕ್ಕವು. ಇಂಥ ವರ್ಚುವಲ್ ವಾದ್ಯಗಳ ಗುಟ್ಟು ಏನಪ್ಪಾ ಅಂದ್ರೆ, ನಿಜವಾದ ವಾದಕರು ನುಡಿಸಿದ ಒಂದೊಂದು ಸ್ವರವನ್ನೂ ಮೆಲ್ಲಗೆ, ಜೋರಾಗಿ, ಕಮಾನು ಎಳೆದು, ಬೆರಳಲ್ಲಿ ಮೀಟಿ, ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ಇಟ್ಟಿರ್ತಾರೆ. ನಾವು ಬರೆದ ಸ್ವರಕ್ಕೆ ತಕ್ಕ ತುಣುಕನ್ನ ಕಂಪ್ಯೂಟರ್ ಆರಿಸಿ ಜೋಡಿಸತ್ತೆ.

ಆರು ನಿಮಿಷದ ಒಂದು ಭಾಗ ಮುಗಿಸೋಕೆ ಏಳು ತಿಂಗಳು ಹಿಡೀತು. ಹನ್ನೊಂದು ಜನಕ್ಕೆ ಕಳಿಸಿ, ‘ಹೇಗಿದೆ ಹೇಳಿ’ ಅಂದೆ.

ಐದು ಜನ ‘ಸೂಪರ್’ ಅಂದ್ರು. ಅದರಲ್ಲಿ ಒಬ್ಬ ಮಹಾನುಭಾವನ ಉತ್ತರ ಒಂದೇ ನಿಮಿಷದಲ್ಲಿ ಬಂತು. ಆರು ನಿಮಿಷದ್ದನ್ನ ಒಂದು ನಿಮಿಷದಲ್ಲಿ ಹೇಗೆ ಕೇಳಿದನೋ ಆ ದೇವರಿಗೇ ಗೊತ್ತು :-) ಇಬ್ಬರು ‘ಯಾವ ಸಾಫ್ಟ್‌ವೇರು ಗುರೂ?’ ಅಂದ್ರು. ಇಬ್ಬರದು ಉತ್ತರಾನೇ ಇಲ್ಲ. ನಮ್ಮ ಚಿಕ್ಕಮ್ಮ ‘ಯಾವ ರಾಗನೋ ಇದು?’ ಅಂದ್ರು. ಹನ್ನೊಂದನೆಯವರು ಹಿರಿಯರು, ಸಂಗೀತ ಬಲ್ಲವರು, ಪಾಠ ಹೇಳೋರು. ಅವರು ಅರ್ಧ ನಿಮಿಷ ಕೇಳಿ, ‘ಇದು ಪ್ಲಾಸ್ಟಿಕ್ ಹೂವಪ್ಪಾ, ನಿಜವಾದ ವಾದ್ಯದಲ್ಲಿ ನುಡಿಸಿ ತಾ, ಆಮೇಲೆ ಕೇಳೋಣ’ ಅಂದ್ರು.

ಮೊದಲು ಈ ಪ್ಲಾಸ್ಟಿಕ್ ಹೂವಿನ ವಿಚಾರ. ಅವರ ಪಾಠದ ಕೋಣೆಯಲ್ಲಿ ಶ್ರುತಿಗೆ ಏನಿದೆ ಗೊತ್ತಾ? ಎಲೆಕ್ಟ್ರಾನಿಕ್ ತಂಬೂರಿ! ಬೆಂಗಳೂರಿನಲ್ಲೇ ರಾಡೆಲ್‌ನವರು ದಶಕಗಳಿಂದ ಮಾಡ್ತಾ ಬಂದಿರೋ ಅಂಥ ಪೆಟ್ಟಿಗೆ ಇಲ್ಲದ ಸಂಗೀತದ ಮನೆ ನಮ್ಮೂರಲ್ಲಿ ಎಷ್ಟಿದೆ ಹೇಳಿ. ಈಗಂತೂ ಕಛೇರಿ ವೇದಿಕೆಯಲ್ಲೇ ಫೋನು ಇಟ್ಟು ಆ್ಯಪ್ ಹಾಕ್ಕೋತಾರೆ. ಅದು ತಪ್ಪು ಅಂತ ನಾನು ಹೇಳ್ತಿಲ್ಲ. ಹಾಡೋರ ವಿದ್ವತ್ತನ್ನ ಯಾರೂ ಆ ಪೆಟ್ಟಿಗೆ ನೋಡಿ ಅಳೆಯಲ್ಲ, ಸರಿಯಾಗೇ ಇದೆ. ಹಾಗಾದ್ರೆ ನನ್ನ ರಚನೆಯನ್ನ ಮಾತ್ರ ಅದರ ಪೆಟ್ಟಿಗೆ ನೋಡಿ ಅಳೆಯೋದು ಯಾವ ನ್ಯಾಯ?

1877ರಲ್ಲಿ ಎಡಿಸನ್ ಫೋನೋಗ್ರಾಫ್ ಮಾಡೋ ತನಕ ಯೂರೋಪಿನಲ್ಲಿ ಸಿಂಫೊನಿ ಕೇಳಬೇಕು ಅಂದ್ರೆ ವಾದ್ಯವೃಂದ ಇರೋ ಊರಿಗೆ ಹೋಗಬೇಕಿತ್ತು. ಉಳಿದವರು ಮನೇಲಿ ಒಂದೇ ಪಿಯಾನೋ ಮುಂದೆ ಇಬ್ಬರು ಕೂತು, ನಾಲ್ಕು ಕೈಗೆ ಇಳಿಸಿದ ಪುಸ್ತಕ ಇಟ್ಟುಕೊಂಡು, ಅದೇ ಸಿಂಫೊನಿಗಳನ್ನ ನುಡಿಸಿಕೊಂಡು ಅರ್ಥ ಮಾಡ್ಕೋತಿದ್ರು. ಬೀಥೋವೆನ್‌ನ ಒಂಬತ್ತೂ ಸಿಂಫೊನಿಗಳನ್ನ ಲಿಸ್ಟ್ ಪಿಯಾನೋಗೆ ಇಳಿಸಿದ. ‘ತುತ್ತೂರಿ ಎಲ್ಲಿ? ಡ್ರಮ್ಮು ಎಲ್ಲಿ? ಇದನ್ನ ಹೇಗಪ್ಪಾ ಕೇಳೋದು?’ ಅಂತ ಅವರು ಎದ್ದು ಹೋಗಲಿಲ್ಲ. ಗೆರೆ ನೋಡಿ ಚಿತ್ರ ಊಹಿಸೋ ಕಿವಿ ಅವರಿಗಿತ್ತು.

ಅಷ್ಟು ದೂರ ಯಾಕೆ, ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಅವರನ್ನೇ ನೋಡಿ. ಲಂಡನ್ನಿನಲ್ಲಿ ಹೆಚ್ಚು ಜನ ಕೇಳದೆ ಮೂಲೆಗೆ ಬಿದ್ದಿದ್ದ ಮೆಟ್ನರ್ ಅನ್ನೋ ರಷ್ಯನ್ ಸಂಯೋಜಕನ ಕೃತಿಗಳು ರೆಕಾರ್ಡ್ ಆಗಲಿ ಅಂತ 1940ರ ದಶಕದಲ್ಲಿ ದುಡ್ಡು ಕೊಟ್ಟವರು ಅವರು. ಆತ ತನ್ನ ಮೂರನೇ ಪಿಯಾನೋ ಕನ್ಚೆರ್ಟೋವನ್ನ ಅವರಿಗೇ ಅರ್ಪಿಸಿದ. ನಾನೇನು ಮೆಟ್ನರ್ ಅಲ್ಲ ಬಿಡಿ, ದುಡ್ಡೂ ಕೇಳ್ತಿಲ್ಲ. ಆರು ನಿಮಿಷ ಕೇಳ್ತಿದೀನಿ ಅಷ್ಟೇ.

ಇರ್ಲಿ. ಈಗ ನಮ್ಮ ಕಡೆಯವರ ಸರದಿ, ಅಂದ್ರೆ ನನ್ನ ಹಾಗೆ ಕಂಪ್ಯೂಟರಿನಲ್ಲಿ ಬರೆಯೋರದ್ದು. ಹಿರಿಯರ ಮೇಲಿರೋ ಸಿಟ್ಟಿಗಿಂತ ನನಗೆ ಇದರ ಮೇಲೇ ಜಾಸ್ತಿ ಸಿಟ್ಟು. ‘ಹೇಗಿದೆ ಹೇಳಿ’ ಅಂತ ಕೇಳುವಾಗ ನಮಗೆ ಬೇಕಾಗಿರೋದು ಹೊಗಳಿಕೆ. ಅದಕ್ಕೇ ಸದ್ದಿಗೆ ಪೌಡರ್ ಬಳೀತೀವಿ. ಒಂದು ಕಡೆ ವಯೋಲಾದ ಮಾತು ಕೇಳಿಸ್ತಿರಲಿಲ್ಲ. ನಾನೇನು ಮಾಡಿದೆ? ಪಿಟೀಲುಗಳ ಗದ್ದಲ ಕಡಿಮೆ ಮಾಡಿ ಮತ್ತೆ ಬರೀಲಿಲ್ಲ. ವಯೋಲಾದ ವಾಲ್ಯೂಮ್ ಗುಂಡಿ ಮೇಲಕ್ಕೆ ತಳ್ಳಿದೆ, ದೊಡ್ಡ ಸಭಾಂಗಣದ ಪ್ರತಿಧ್ವನಿ ಸೇರಿಸಿದೆ. ಕೆಲಸ ಮುಗೀತು! ಕೋಣೆಯಲ್ಲಿ ಕೂತ ನಾಲ್ಕು ಜನರಿಗೆ ಅಂಥ ಗುಂಡಿ ಎಲ್ಲಿರತ್ತೆ ಸ್ವಾಮಿ?

ಇದು ತಿಳಿದಿದ್ದು ಕಳೆದ ವರ್ಷ. ಸಹೋದ್ಯೋಗಿಯ ಮಗಳು ಪಿಟೀಲು ಕಲೀತಿದ್ದಾಳೆ. ಅವಳು, ಅವಳ ಮೇಷ್ಟ್ರು, ಅವರ ಗುರುತಿನ ಚೆಲ್ಲೋದವರು, ಮೂರು ಜನ ಒಂದು ಭಾನುವಾರ ಒಪ್ಪಿಕೊಂಡ್ರು. ವಯೋಲಾ ನುಡಿಸೋರು ಎಷ್ಟು ಹುಡುಕಿದ್ರೂ ಸಿಗಲಿಲ್ಲ. ಸರಿ, ವಯೋಲಾ ಲ್ಯಾಪ್‌ಟಾಪಿನಿಂದ ಬರಲಿ ಅಂತ ಸ್ಪೀಕರ್ ತಂದಿಟ್ಟೆ.

ಎರಡನೇ ಪಿಟೀಲು ಹಿಡಿದಿದ್ದ ಹುಡುಗಿ 43ನೇ ಬಾರ್‌ಗೆ ಬಂದು ನಿಂತುಬಿಟ್ಟಳು. ‘ಅಂಕಲ್, ಇದನ್ನ ಹೇಗೆ ಹಿಡಿಯೋದು?’ ನಾನು ಎ ಮತ್ತು ಬಿ ಎರಡು ಸ್ವರ ಒಟ್ಟಿಗೆ ಬರೆದಿದ್ದೆ, ಎರಡೂ ಡಿ ತಂತಿಗಿಂತ ಕೆಳಗಿನವು. ಅವು ಸಿಗೋದು ಅತಿ ಕೆಳಗಿನ ಜಿ ತಂತಿಯಲ್ಲಿ ಮಾತ್ರ. ಒಂದೇ ತಂತಿಯಲ್ಲಿ ಒಂದೇ ಸಲ ಎರಡು ಸ್ವರ! ಏಳು ತಿಂಗಳು ನನ್ನ ಕಂಪ್ಯೂಟರು ಅದನ್ನ ತಕರಾರಿಲ್ಲದೆ ನುಡಿಸಿತ್ತು. ಕೈ ನೋವು ಅನ್ನಲಿಲ್ಲ, ಆಗಲ್ಲ ಅನ್ನಲಿಲ್ಲ.

ಆಮೇಲೆ ಕೊನೆಯ ಪುಟ. ಅಲ್ಲಿ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಾವಾಗೇ ಸ್ವಲ್ಪ ನಿಧಾನ ಮಾಡಿದ್ರು. ನಾನು ಹಾಳೆಯಲ್ಲಿ ಹಾಗಂತ ಬರೆದೇ ಇರಲಿಲ್ಲ, ಆದ್ರೆ ಅದೇ ಸರಿಯಾಗಿತ್ತು. ಲ್ಯಾಪ್‌ಟಾಪಿನ ವಯೋಲಾ ಮಾತ್ರ ಯಾರನ್ನೂ ನೋಡದೆ ನೆಟ್ಟಗೆ ಹೋಗಿ, ಎಲ್ಲರಿಗಿಂತ ಮುಂಚೆ ಮುಗಿಸಿ ಸುಮ್ಮನಾಯ್ತು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದ್ರೆ ಒಳಗೆ ಚುರುಕ್ ಅಂತು.

‘ಇನ್ನು ವಾದಕರೇ ಬೇಡ, ಎಲ್ಲಾ ಲ್ಯಾಪ್‌ಟಾಪಿನಲ್ಲೇ ಆಗತ್ತೆ’ ಅಂತ ಕುಣಿಯೋ ಗೆಳೆಯರಿಗೆ ನಾನು ಹೇಳೋದು ಇದನ್ನೇ. ಎದುರು ಮಾತಾಡದ ವಾದ್ಯ ಏನನ್ನೂ ಕಲಿಸಲ್ಲ. ಬ್ರಾಹ್ಮ್ಸ್‌ನಂಥವನಿಗೇ ಎದುರು ಮಾತಾಡೋರು ಬೇಕಾಗಿದ್ರು. 1862ರಲ್ಲಿ ಆತ ಎರಡು ಚೆಲ್ಲೋ ಇರೋ ಒಂದು ಸ್ಟ್ರಿಂಗ್ ಕ್ವಿಂಟೆಟ್ ಬರೆದ. ಹಾಳೆ ನೋಡಿ ಮೆಚ್ಚಿದ್ದ ಗೆಳೆಯ, ದೊಡ್ಡ ಪಿಟೀಲು ವಿದ್ವಾಂಸ ಯೋಆಖಿಮ್, ನುಡಿಸಿ ನೋಡಿದ ಮೇಲೆ ಇದು ಸರಿ ಕೂರ್ತಿಲ್ಲ ಅಂದ. ಬ್ರಾಹ್ಮ್ಸ್ ಅದನ್ನ ಎರಡು ಪಿಯಾನೋಗೆ ಬದಲಿಸಿದ. ಅದಕ್ಕೆ ಕ್ಲಾರಾ ಶುಮನ್ ಒಪ್ಪಲಿಲ್ಲ. ಮತ್ತೆ ಬದಲಿಸಿದ. 1864ರಲ್ಲಿ ಅದು ಪಿಯಾನೋ ಕ್ವಿಂಟೆಟ್ ಆಯ್ತು, ಇವತ್ತಿಗೂ ನುಡಿಸ್ತಾರೆ. ಮೊದಲ ರೂಪವನ್ನ ಆತನೇ ನಾಶ ಮಾಡಿದ. ಆ ಇಬ್ಬರೂ ‘ಸೂಪರ್’ ಅಂದು ಕೈ ತೊಳಕೊಂಡಿದ್ರೆ?

ನಮಗೆಲ್ಲ ಯೋಆಖಿಮ್ ಸಿಗಲ್ಲ, ಗೊತ್ತು. ಆದ್ರೆ ಪ್ರಶ್ನೆ ಬದಲಿಸಬಹುದಲ್ಲ? ‘ಹೇಗಿದೆ’ ಅಂದ್ರೆ ಮರ್ಯಾದಸ್ಥರು ‘ಚೆನ್ನಾಗಿದೆ’ ಅಂತಲೇ ಅಂತಾರೆ, ಊಟ ಬಡಿಸಿದವರಿಗೆ ಹೇಳೋ ಹಾಗೆ. ‘ಎಲ್ಲಿ ಬೇಜಾರಾಯ್ತು? ಯಾವ ಜಾಗದಲ್ಲಿ ಫೋನು ನೋಡಿದ್ರಿ?’ ಅಂತ ಕೇಳಬೇಕು. ಅದನ್ನ ಹೇಳೋಕೆ ಯಾವ ಶಾಸ್ತ್ರವೂ ಗೊತ್ತಿರಬೇಕಾಗಿಲ್ಲ.

ರಾಗ ಕೇಳಿದ ಚಿಕ್ಕಮ್ಮನ ಮನೆಗೆ ಹೋಗಿ ಹಾಗೇ ಕೇಳಿದೆ. ಮೊದಲು ‘ನಂಗೇನೋ ಗೊತ್ತು’ ಅಂದ್ರು. ಮತ್ತೆ ಹಾಕಿದೆ. ಮೂರೂವರೆ ನಿಮಿಷದ ಹತ್ತಿರ ಅವರು ಎದ್ದು ಅಡುಗೆಮನೆಗೆ ಹೋದ್ರು. ‘ಯಾಕೆ ಚಿಕ್ಕಮ್ಮ?’ ಅಂದೆ. ‘ಮೊದಲು ಬಂದಿದ್ದೇ ಮತ್ತೆ ಬಂತಲ್ಲೋ. ಅದು ಮುಗಿಯೋ ಅಷ್ಟರಲ್ಲಿ ಹಾಲು ನೋಡ್ಕೊಂಡು ಬರೋಣ ಅಂತ.’

ಪುಸ್ತಕ ತೆಗೆದು ನೋಡಿದೆ. ನಿಜ. ಹದಿನಾರು ಬಾರ್, ಒಂದು ಸ್ವರವೂ ಬದಲಾಗಿಲ್ಲ. ಪ್ರತಿಧ್ವನಿಯ ಪೌಡರಿನಲ್ಲಿ ನನಗೇ ಕಂಡಿರಲಿಲ್ಲ. ಸಾಫ್ಟ್‌ವೇರ್ ಕೇಳಿದವರಿಗೂ, ಸೂಪರ್ ಅಂದವರಿಗೂ, ಪ್ಲಾಸ್ಟಿಕ್ ಹೂವು ಅಂದವರಿಗೂ ಕಂಡಿರಲಿಲ್ಲ.

ಆ ಹದಿನಾರೂ ಕಿತ್ತು ಹಾಕಿದೀನಿ. 43ನೇ ಬಾರ್ ಸರಿ ಮಾಡಿದೀನಿ. ಬರೋ ಭಾನುವಾರ ಮತ್ತೆ ಚಿಕ್ಕಮ್ಮನ ಮನೆಗೆ ಹೋಗ್ತಿದೀನಿ. ಒಲೆ ಆರಿಸಿ ಕೂತ್ಕೊಳ್ಳಿ ಅಂತ ಮಾತ್ರ ಹೇಳಲ್ಲ.